ಒಂದು ಮೀನು, ಮೂವರು ಸಾಕ್ಷಿಗಳು

ಬರ್ನಿ ವೀನ್‌ನ ಗ್ರಹಚಾರ ಕೆಟ್ಟದ್ದು ಒಂದು ಬಿಸಿ ಆಲೂಗಡ್ಡೆ ತುಂಡಿನಿಂದ.

ಶುಕ್ರವಾರ ಬೆಳಗ್ಗೆ ಅವನು ನಮ್ಮೂರಿನ ಡಾಟ್ಟಿಯ ಹೋಟೆಲಿನಲ್ಲಿ ಕೂತು ಗಬಗಬನೆ ತಿಂಡಿ ಮುಕ್ಕುತ್ತಿದ್ದ. ಹುರಿದ ಆಲೂಗಡ್ಡೆ ಆಗಷ್ಟೇ ಬಾಣಲೆಯಿಂದ ಇಳಿದಿತ್ತು. ಅದನ್ನು ಬಾಯಿಗೆ ಹಾಕಿಕೊಂಡ ಗಳಿಗೆಗೆ ಸರಿಯಾಗಿ ಪಕ್ಕದ ಮೇಜಿನಿಂದ ಕ್ಲೆಮ್ ಕೇಳಿದ:

"ಏನಪ್ಪಾ ಬರ್ನಿ, ಹೋದ ಶನಿವಾರ ಹೊಳೆ ಕಡೆ ಹೋಗಿದ್ಯಂತೆ. ಏನಾದ್ರೂ ಸಿಕ್ತಾ?"

"ಏನೂ ಇಲ್ಲ," ಅಂದ ಬರ್ನಿ.

ನಿಜವನ್ನೇ ಹೇಳಿದ. ಆದರೆ ಬಾಯಲ್ಲಿ ಕೆಂಡದಂಥ ಆಲೂಗಡ್ಡೆ ಇತ್ತಲ್ಲ, ಕಣ್ಣಲ್ಲಿ ನೀರು ತುಂಬಿತು, ಮುಖ ಕೆಂಪಾಯಿತು, ದನಿ ನಡುಗಿತು. ನಾಚಿಕೆಯಾಗಿ ಮುಖ ಆ ಕಡೆ ತಿರುಗಿಸಿಕೊಂಡ.

ಬೇರೆ ಊರಾಗಿದ್ದರೆ ಯಾರಾದರೂ ಒಂದು ಲೋಟ ನೀರು ಕೊಡುತ್ತಿದ್ದರು. ಬಲ್ಕ್ಲಿ ನದಿಯ ದಂಡೆಯ ನಮ್ಮೂರಿನಲ್ಲಿ ಹಾಗಲ್ಲ. ಸೆಪ್ಟೆಂಬರ್ ಬಂದು, ಕಾಟನ್‌ವುಡ್ ಮರಗಳ ಎಲೆ ಹಳದಿಗೆ ತಿರುಗಿ, ಸಮುದ್ರದಿಂದ ಸ್ಟೀಲ್‌ಹೆಡ್ ಮೀನು ಹೊಳೆ ಹತ್ತಿ ಬರಲು ಶುರುವಾಯಿತೆಂದರೆ ಇಲ್ಲಿನ ಭಾಷೆಯೇ ಬದಲಾಗುತ್ತದೆ. ಒಂದು ಮೀನು ಸಿಕ್ಕವನು 'ಏನೂ ಇಲ್ಲ' ಅನ್ನುತ್ತಾನೆ. ಎರಡು ಸಿಕ್ಕವನು 'ಹೊಳೆ ಸತ್ತೇ ಹೋಯ್ತು' ಅನ್ನುತ್ತಾನೆ. ಅದಕ್ಕೂ ಹೆಚ್ಚು ಸಿಕ್ಕವನು ತಾನು ಹೊಳೆಗೇ ಹೋಗಿರಲಿಲ್ಲ, ಹಲ್ಲುನೋವು ಅಂತ ಮನೆಯಲ್ಲಿ ಮಲಗಿದ್ದೆ ಅನ್ನುತ್ತಾನೆ. ನಿಜವಾಗಿಯೂ ಏನೂ ಸಿಗದವನು ಮಾತ್ರ, 'ಒಂದು ಕಚ್ಚಿತ್ತು ಮಾರಾಯ, ಇಷ್ಟುದ್ದ, ಕೊನೇಲಿ ತಪ್ಪಿಸ್ಕೊಳ್ತು' ಎಂದು ಕೈ ಅಗಲಿಸುತ್ತಾನೆ. ಮೀನು ಸಿಕ್ಕ ಜಾಗದ ಗುಟ್ಟನ್ನು ಬಿಟ್ಟುಕೊಟ್ಟವನ ಜೊತೆ ನಮ್ಮಲ್ಲಿ ಜನ ಕಾಫಿ ಕೂಡ ಕುಡಿಯುವುದಿಲ್ಲ.

ಇಂಥ ಊರಿನಲ್ಲಿ ಬರ್ನಿ ಒಬ್ಬನೇ ಇದ್ದದ್ದನ್ನು ಇದ್ದ ಹಾಗೆ ಹೇಳುವ ಪ್ರಾಣಿ. ದನದ ಮೇವಿನ ಅಂಗಡಿಯಲ್ಲಿ ಮೂಟೆ ತೂಗುವುದು ಅವನ ಕೆಲಸ. ಮದುವೆಯಾದಾಗಿನಿಂದ ಪ್ರತಿ ವರ್ಷ ಈ ಕಾಲಕ್ಕೆ ಎದೆಯ ತನಕ ರಬ್ಬರಿನ ಉಡುಪು ತೊಟ್ಟು, ತನಗಿಂತ ಎರಡರಷ್ಟು ಉದ್ದದ ಗಾಳದ ಕೋಲು ಹಿಡಿದು ನೀರಲ್ಲಿ ನಿಂತವನು. ಇಷ್ಟು ವರ್ಷದಲ್ಲಿ ಒಂದೇ ಒಂದು ಸ್ಟೀಲ್‌ಹೆಡ್ ಇವನ ಗಾಳ ಮೂಸಿ ನೋಡಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದದ್ದಷ್ಟೇ ಬಂತು. ಹಾಗಾಗಿ 'ಸಿಕ್ತಾ' ಎಂದು ಅವನನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಕ್ಲೆಮ್ ಈ ದಿನ ಕೇಳಿದ್ದು ಕೂಡ ಕಾಫಿ ಬರುವ ತನಕ ಹೊತ್ತು ಹೋಗಲಿ ಎಂದು ಅಷ್ಟೆ.

ಈಗ ಕ್ಲೆಮ್‌ಗೆ ಕಾಫಿ ಬಂದದ್ದೂ ತಿಳಿಯಲಿಲ್ಲ. ಅವನ ಮೇಜಿನಲ್ಲಿ ಇನ್ನಿಬ್ಬರಿದ್ದರು. ಒಬ್ಬ ನಾರಿಸ್, ಊರಿನ ಕ್ಷೌರಿಕ. ಸ್ಟೀಲ್‌ಹೆಡ್ ಬರುವ ಕಾಲದಲ್ಲಿ ಅವನು ಅಂಗಡಿಗೆ ಬೀಗ ಹಾಕುವುದರಿಂದ ನಮ್ಮೂರಿನ ಗಂಡಸರೆಲ್ಲ ಡಿಸೆಂಬರ್ ತನಕ ಜಡೆ ಬಿಟ್ಟುಕೊಂಡು ಓಡಾಡುತ್ತಾರೆ. ಇನ್ನೊಬ್ಬರು ಹೇಝಲ್ ಮೇಡಂ. ಶಾಲೆಯಿಂದ ನಿವೃತ್ತರಾದವರು, ಅರ್ಧ ಊರಿಗೆ ಅಕ್ಷರ ಕಲಿಸಿದವರು, ಈ ಹೊಳೆಯಲ್ಲಿ ಎಲ್ಲರಿಗಿಂತ ಹೆಚ್ಚು ಮೀನು ಹಿಡಿದವರು. ಅವರ ಮಾತಿನ ಪ್ರಕಾರ ಅವರು ಹದಿನೈದು ವರ್ಷದಿಂದ ಹಲ್ಲುನೋವಿನಿಂದ ನರಳುತ್ತಿದ್ದಾರೆ.

"ಮುಖ ನೋಡಿದ್ರಾ?" ಎಂದು ನಾರಿಸ್ ಪಿಸುಗುಟ್ಟಿದ. "ಕಣ್ಣಲ್ಲಿ ನೀರು!"

"ಎರಡು ಹಿಡಿದಿರ್ಬೇಕು," ಅಂದ ಕ್ಲೆಮ್.

"ಎರಡಕ್ಕೆಲ್ಲ ಅಳೋ ಹುಡುಗ ಅಲ್ಲ ಅವನು," ಎಂದರು ಹೇಝಲ್ ಮೇಡಂ. "ನಾಲ್ಕನೇ ಕ್ಲಾಸಲ್ಲಿ ಮೆಟ್ಟಿಲಿಂದ ಬಿದ್ದು ಕೈ ಮುರಿದಾಗ್ಲೂ ಅತ್ತಿಲ್ಲ. ಇದು ಬೇರೆ ಏನೋ. ಶುಕ್ರವಾರ ಕೆಲಸಕ್ಕೆ ರಜಾ ಬೇರೆ ಹಾಕಿದಾನೆ. ಇವನು ಜಾಗ ಕಂಡ್ಕೊಂಡಿದಾನೆ ಕಣ್ರೋ."

ಮೂವರೂ ಒಟ್ಟಿಗೆ ಎದ್ದರು.

ರಜಾ ಹಾಕಿದ್ದಕ್ಕೆ ಕಾರಣ ಜಾಗವಲ್ಲ, ಟ್ರೂಡಿ. ಬರ್ನಿಯ ಹೆಂಡತಿ ಟ್ರೂಡಿ ಚರ್ಚಿನ ಗಂಟೆ ಮೇಳ ನಡೆಸುತ್ತಾಳೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸ್ವರದ ಹಿತ್ತಾಳೆ ಗಂಟೆ. ತಮ್ಮ ಸರದಿ ಬಂದಾಗ ಅಲ್ಲಾಡಿಸಬೇಕು, ಎಲ್ಲ ಸೇರಿದರೆ ಹಾಡು. ಎಲ್ಲಕ್ಕಿಂತ ದೊಡ್ಡದಾದ ಮಂದ್ರ ಸ್ವರದ ಗಂಟೆ ಹಿಡಿಯುತ್ತಿದ್ದ ಮುದುಕ ಬೇಸಗೆಯಲ್ಲಿ ಸೊಂಟ ಉಳುಕಿಸಿಕೊಂಡು ಮಗಳ ಮನೆ ಸೇರಿದ್ದ. ಅಂದಿನಿಂದ ಮೇಳದ ಹಾಡುಗಳು ಮುಂದಿನ ಹಲ್ಲು ಬಿದ್ದವನ ನಗುವಿನಂತೆ ಕೇಳುತ್ತಿದ್ದವು. ಅಷ್ಟು ತೂಕದ ಗಂಟೆ ಎತ್ತಲು ಮೂಟೆ ಎತ್ತಿ ರೂಢಿಯಿರುವ ತೋಳೇ ಬೇಕೆಂದು ಟ್ರೂಡಿ ತೀರ್ಮಾನಿಸಿದಳು.

ಅಭ್ಯಾಸ ಶುಕ್ರವಾರ ಸಂಜೆ ಮತ್ತು ಶನಿವಾರ ಇಡೀ ದಿನ, ಕ್ರಿಸ್‌ಮಸ್ ಬರುವ ತನಕ. ಬರ್ನಿಗೆ ಹೊಳೆಗೆ ಹೋಗಲು ಬಿಡುವಿರುವುದೂ ಅದೇ ಹೊತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ವಾರವೆಲ್ಲ ಮನೆಯಲ್ಲಿ ಜಗಳವಾಗಿ ಕೊನೆಗೆ ಒಂದು ರಾಜಿಗೆ ಬಂದರು.

"ಶುಕ್ರವಾರ ರಜಾ ಹಾಕು," ಎಂದಿದ್ದಳು ಟ್ರೂಡಿ. "ಸಂಜೆ ಅಭ್ಯಾಸ ಶುರುವಾಗೋದ್ರೊಳಗೆ ಒಂದೇ ಒಂದು ಮೀನು ಹಿಡಿ. ಆಮೇಲೆ ಸಾಯೋ ತನಕ ಹೊಳೇಲೇ ನಿಂತಿರು, ನಾನು ಚಕಾರ ಎತ್ತಲ್ಲ. ಹಿಡೀಲಿಲ್ವಾ, ಕೋಲು ಅಟ್ಟಕ್ಕೆ, ಗಂಟೆ ಕೈಗೆ."

"ಹಿಡಿದೆ ಅಂತ ನಾನು ಬಂದು ಹೇಳಿದ್ರೆ ನಂಬ್ತೀಯಾ?"

"ನೀನು ಸುಳ್ಳು ಹೇಳಲ್ಲ, ಅದು ಗೊತ್ತು. ಆದ್ರೆ ಹೋದ್ ವರ್ಷ ನೀನು ಮೀನು ಅಂತ ಅರ್ಧ ದಿನ ಗುದ್ದಾಡಿದ್ದು ಟ್ರ್ಯಾಕ್ಟರ್ ಟೈರ್ ಜೊತೆ. ಕಣ್ಣಾರೆ ನೋಡಿದವರು ಯಾರಾದ್ರೂ ಬಂದು ಹೇಳ್ಲಿ."

ಮೀನನ್ನೇ ತಂದು ತೋರಿಸೋಣವೆಂದರೆ, ಈ ಹೊಳೆಯ ಸ್ಟೀಲ್‌ಹೆಡ್ಡನ್ನು ಹಿಡಿದ ಜಾಗದಲ್ಲೇ ನೀರಿಗೆ ಬಿಡಬೇಕೆಂದು ಕಾನೂನಿದೆ. ದಡಕ್ಕೆ ಎತ್ತುವಂತೆಯೂ ಇಲ್ಲ. ಹಾಗಾಗಿ ಬರ್ನಿಗೆ ಮೀನು ಎಷ್ಟು ಮುಖ್ಯವೋ ಸಾಕ್ಷಿಯೂ ಅಷ್ಟೇ ಮುಖ್ಯವಾಯಿತು. ಬೆಳಗ್ಗೆ ಹೊರಡುವಾಗ ಟ್ರೂಡಿ ಬುತ್ತಿಯ ಚೀಲದಲ್ಲಿ ಬ್ರೆಡ್ಡು, ಚೀಸಿನ ಜೊತೆಗೆ ಬಿಳಿ ಕೈಗವಸುಗಳನ್ನೂ ಇಟ್ಟಳು. ಹಿತ್ತಾಳೆಗೆ ಬೆರಳಿನ ಗುರುತು ಬೀಳಬಾರದೆಂದು ಮೇಳದವರು ತೊಡುವ ಕೈಗವಸು ಅದು. ಹೆಂಡತಿ ಹಂಗಿಸುವುದೆಂದರೆ ಹೀಗೆ.

ಬರ್ನಿಯ ಪಿಕಪ್ ಗಾಡಿ ಹೆದ್ದಾರಿಗೆ ಬಂದಾಗ ಹಿಂದೆ ಮೂರು ಪಿಕಪ್‌ಗಳು ಬಂದವು. ಅವನು ಪೆಟ್ರೋಲು ಹಾಕಿಸಲು ನಿಲ್ಲಿಸಿದ, ಅವರೂ ನಿಲ್ಲಿಸಿದರು. ಅವನು ದಾರಿ ಬದಿಯಲ್ಲಿ ಒಂದಕ್ಕೆಂದು ಇಳಿದು ಪೊದೆಯ ಹಿಂದೆ ಹೋದ. ಅವನು ಹೊರಬಂದ ಮೇಲೆ ಮೂವರೂ ಸರದಿಯಲ್ಲಿ ಆ ಪೊದೆಯ ಹಿಂದೆ ಹೋಗಿ, ಅಲ್ಲಿ ನೀರೇನಾದರೂ ಇದೆಯೇ ಎಂದು ನೋಡಿದರು. ಇತ್ತು, ಆದರೆ ಮೀನು ಇರುವಂಥದ್ದಲ್ಲ.

ಉದ್ದ ಮಡುವಿನ ದಂಡೆಯಲ್ಲಿ ಬರ್ನಿ ಗಾಡಿ ನಿಲ್ಲಿಸಿದಾಗ ಅವನಿಗೆ ಒಂದು ವಿಚಿತ್ರ ಕಾದಿತ್ತು. ಹೊಳೆಗೆ ಮೊದಲು ಬಂದವನು ಮೊದಲು ಇಳಿಯಬೇಕು, ಒಂದು ಸಲ ದಾರ ಬೀಸಿ ಎರಡು ಹೆಜ್ಜೆ ಕೆಳಗೆ ಸರಿಯಬೇಕು, ಹಿಂದಿನವರು ಅವನ ಹಿಂದೆಯೇ ಬರಬೇಕು. ಇದು ನಮ್ಮ ಹೊಳೆಯ ಮರ್ಯಾದೆ. ಬರ್ನಿಯ ವಿಷಯದಲ್ಲಿ ಮಾತ್ರ ಈ ಮರ್ಯಾದೆಯನ್ನು ಯಾರೂ ಪಾಲಿಸುತ್ತಿರಲಿಲ್ಲ. ಅವನು ಬೂಟಿನ ಲಾಡಿ ಕಟ್ಟುವಷ್ಟರಲ್ಲಿ ನಾಲ್ಕು ಜನ ಮುಂದೆ ಹೋಗಿರುತ್ತಿದ್ದರು. ಈ ದಿನ ಮೂವರೂ ಕೈಕಟ್ಟಿ ನಿಂತಿದ್ದರು.

"ನೀನು ಮೊದ್ಲು ಬಂದವನು. ಇಳಿಯಪ್ಪಾ," ಅಂದ ಕ್ಲೆಮ್.

ಬರ್ನಿಗೆ ಹೃದಯ ತುಂಬಿ ಬಂತು. ಸಾಕ್ಷಿಗೆ ಎಲ್ಲಿ ಹೋಗಲಿ ಎಂದು ಕೊರಗುತ್ತಿದ್ದವನಿಗೆ ದೇವರು ಮೂವರನ್ನು ಕಳಿಸಿದ್ದಾನೆ! ಅದೂ ಊರೇ ಗೌರವಿಸುವ ಹೇಝಲ್ ಮೇಡಂ! ಆ ಹುರುಪಿನಲ್ಲಿ ನೀರಿಗೆ ಇಳಿದವನು ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು, ಗಾಳಿಯಲ್ಲಿ ಎರಡು ಸಲ ಕೈ ಬಡಿದು, ಬೆನ್ನ ಮೇಲೆ ಧೊಪ್ಪನೆ ಬಿದ್ದ.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತಲ್ಲ ಎಂದುಕೊಂಡು ಎದ್ದ. ಆದರೆ ಯಾರೂ ಆಡಿಕೊಳ್ಳಲಿಲ್ಲ.

"ಬೆನ್ನ ಮೇಲೆ ಬಿದ್ದ. ಗಮನಿಸಿದ್ರಾ?" ಎಂದ ನಾರಿಸ್.

"ತಳದಲ್ಲಿ ಮಲಗಿರೋ ಮೀನನ್ನ ಎಬ್ಬಿಸ್ತಿದಾನೆ," ಎಂದು ಹೇಝಲ್ ಮೇಡಂ ತಲೆದೂಗಿದರು. "ಎಷ್ಟು ಸಲೀಸು! ಇದು ನನಗೆ ಹೊಳೆದೇ ಇರ್ಲಿಲ್ಲ."

ನಾರಿಸ್ ತನ್ನ ಫೋನನ್ನು ದಡದಲ್ಲಿಟ್ಟು, ಅದೇ ಕಲ್ಲಿನ ಮೇಲೆ ಹತ್ತಿ, ಎರಡು ಸಲ ಕೈ ಬಡಿದು, ಬೆನ್ನ ಮೇಲೆ ಬಿದ್ದ. ಕ್ಲೆಮ್ ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ಮಂಡಿ ಕಳೆದುಕೊಂಡವನು. "ನನ್ನ ಕೈಲಿ ಬೀಳೋಕಾಗಲ್ಲಪ್ಪ, ನಾನು ಕೂತ್ಕೋತೀನಿ," ಎಂದು ನಿಧಾನವಾಗಿ ಕುತ್ತಿಗೆ ತನಕ ನೀರಲ್ಲಿ ಕೂತ. ನೀರು ಮಂಜು ಕರಗಿ ಬಂದದ್ದು. ಅವನ ಮೀಸೆ ನೆಟ್ಟಗೆ ನಿಂತುಕೊಂಡಿತು.

ಬರ್ನಿಗೆ ಈಗ ಗಾಬರಿಯಾಯಿತು. ಜೇಬಿನಲ್ಲಿದ್ದ ಫೋನು ನೀರು ಕುಡಿದು ಸತ್ತಿತ್ತು. ಅದಕ್ಕಿಂತ ಹೆಚ್ಚಿನ ಅನಾಹುತವೆಂದರೆ, ಗರಿ ಮತ್ತು ಉಣ್ಣೆ ಸುತ್ತಿ ಚಳಿಗಾಲವೆಲ್ಲ ಕೂತು ಕಟ್ಟಿದ್ದ ಗಾಳದ ಹುಳುಗಳ ಡಬ್ಬಿ ತೇಲಿಕೊಂಡು ಸಮುದ್ರದ ಕಡೆ ಹೊರಟುಹೋಗಿತ್ತು.

"ದಯವಿಟ್ಟು ಕೇಳಿ," ಎಂದು ಅವನು ಕೈಮುಗಿದ. "ನನಗೆ ಏನೂ ಗೊತ್ತಿಲ್ಲ. ಈ ಹೊಳೇಲಿ ನನಗೆ ಇವತ್ತಿನ ತನಕ ಒಂದು ಮೀನೂ ಸಿಕ್ಕಿಲ್ಲ. ಒಂದೂ ಇಲ್ಲ!"

ಕ್ಲೆಮ್ ನೀರಿನಿಂದ ಕೈ ತೆಗೆದು ಟೋಪಿ ಎತ್ತಿದ. "ಇಂಥ ಮಾತು ನಮ್ಮಪ್ಪನ ಬಾಯಲ್ಲೂ ಬಂದಿರ್ಲಿಲ್ಲ ಬರ್ನಿ. ದೊಡ್ಡ ಮನುಷ್ಯ ಅವನು, ಆದ್ರೂ 'ಇವತ್ತು ಸಿಕ್ಕಿಲ್ಲ' ಅಂತಿದ್ದ ಅಷ್ಟೆ. 'ಇವತ್ತಿನ ತನಕ' ಅನ್ನೋಕೆ ಎದೆಗಾರಿಕೆ ಬೇಕು."

ಮುಂದೆ ಹೋದ ಕಡೆಯೆಲ್ಲ ಇದೇ ಕತೆಯಾಯಿತು. ಅವನು ಸೀನಿದರೆ ಇವರು ಸೀನಿದರು. ಹೊತ್ತು ಮಧ್ಯಾಹ್ನ ದಾಟಿತು. ಕೊನೆಗೆ ಬರ್ನಿ ಸೋತು, ಯಾರೂ ಬರದ ಜಾಗದಲ್ಲಿ ಕೂತು ಬ್ರೆಡ್ಡು ತಿನ್ನೋಣವೆಂದು ಯಾನ್ಸೆನ್‌ನ ಹುಲ್ಲುಗಾವಲಿಗೆ ಬಂದ. ಅಲ್ಲಿ ದನಗಳು ನೀರು ಕುಡಿಯಲು ಇಳಿಯುವ ಒಂದು ಇಳಿಜಾರಿದೆ. ನೀರು ಮೊಣಕಾಲಷ್ಟು, ತಳವೆಲ್ಲ ಕೆಸರು, ಕೆಸರಿನಲ್ಲಿ ಏನೇನಿದೆಯೋ ದನಗಳಿಗೇ ಗೊತ್ತು. ಅಲ್ಲಿ ಸ್ಟೀಲ್‌ಹೆಡ್ ಇರುವುದು ಒತ್ತಟ್ಟಿಗಿರಲಿ, ಕಪ್ಪೆ ಕೂಡ ಮೂಗು ಮುಚ್ಚಿಕೊಂಡು ದಾಟುತ್ತಿತ್ತು.

ಮೂವರೂ ಬೇಲಿಯ ಹಿಂದೆ ಬಂದು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ದನದ ರೇವು," ಎಂದು ಹೇಝಲ್ ಮೇಡಂ ಉಸಿರೆಳೆದುಕೊಂಡರು. "ದಿನಾ ಇದೇ ದಾರೀಲಿ ಓಡಾಡ್ತೀವಿ. ನಮ್ಮ ಕಣ್ಣಿಗೆ ಮಣ್ಣು ಬಿದ್ದಿತ್ತು."

ಬರ್ನಿ ಬ್ರೆಡ್ಡಿಗೆಂದು ಚೀಲಕ್ಕೆ ಕೈಹಾಕಿದಾಗ ಸಿಕ್ಕಿದ್ದು ಬಿಳಿ ಕೈಗವಸು. ಅದನ್ನು ನೋಡುತ್ತಲೇ ಅವನಿಗೆ ಇನ್ನು ಮುಂದಿನ ಶನಿವಾರಗಳೆಲ್ಲ ಕಣ್ಣಿಗೆ ಕಟ್ಟಿದವು. ಹೊಳೆಯಲ್ಲಿ ಮಂಜು ಏಳುವಾಗ ತಾನು ಚರ್ಚಿನೊಳಗೆ ಹಿತ್ತಾಳೆ ಗಂಟೆ ಹಿಡಿದು ನಿಂತಿರುವುದು. ಮೀನು ಸಿಗದಿದ್ದರೂ ಅವನಿಗೆ ಆ ಹೊಳೆ ಬೇಕಿತ್ತು. ಮೊಣಕಾಲಿಗೆ ತಾಗುವ ಆ ಚಳಿ, ಆ ಸದ್ದು, ಯಾರೂ ಏನೂ ಕೇಳದೆ ಬಿಟ್ಟುಬಿಡುವ ಆ ಹೊತ್ತು ಬೇಕಿತ್ತು. ಹೊಟ್ಟೆಯುರಿಯಿಂದ ಕೈಗವಸಿನ ಕಿರುಬೆರಳನ್ನು ಹಲ್ಲಿನಿಂದ ಹರಿದ. ಉಳಿದಿದ್ದ ಒಂದೇ ಒಂದು ಬರಿಯ ಗಾಳಕ್ಕೆ ಅದನ್ನು ಸುತ್ತಿ ಕಟ್ಟಿ, ಎದ್ದು ನಿಂತು, ಯಾರ ಮೇಲಿನ ಸಿಟ್ಟೋ ಎಂಬಂತೆ ನೀರಿಗೆ ಬೀಸಿದ.

ಬೇಲಿಯ ಹಿಂದೆ ಕ್ಲೆಮ್ ತನ್ನ ಬನಿಯನ್ನು ಹರಿಯತೊಡಗಿದ. "ಬಿಳಿ ಬಟ್ಟೆ! ಬೇಗ, ಯಾರ ಹತ್ರ ಇದೆ ಬಿಳಿ ಬಟ್ಟೆ?"

ದಾರ ಮೆಲ್ಲನೆ ಹೊಳೆಯ ಅಡ್ಡಕ್ಕೆ ತೇಲಿ ಬಂತು. ನಿಂತಿತು. ಬರ್ನಿ ಅದು ಕೆಸರಿಗೆ ಸಿಕ್ಕಿಕೊಂಡಿತೆಂದು ಎಳೆದ. ಕೆಸರು ತಿರುಗಿ ಎಳೆಯಿತು.

ಮುಂದಿನದನ್ನು ಬರ್ನಿ ಸಾಯುವ ತನಕ ಮರೆಯಲಾರ. ದಾರದ ರಾಟೆ ಕಿರುಚಿತು. ಹೊಳೆಯ ನಡುವೆ ಬೆಳ್ಳಿಯಂಥ ಮೀನೊಂದು ನೀರಿನಿಂದ ಪೂರ್ತಿ ಮೇಲೆದ್ದು, ಮಗ್ಗುಲಿನ ಗುಲಾಬಿ ಪಟ್ಟೆ ತೋರಿಸಿ, ಮತ್ತೆ ಬಿತ್ತು. ಬರ್ನಿ ಕೆಸರಿನಲ್ಲಿ ಓಡಿದ, ಬಿದ್ದ, ಎದ್ದ, ದನಗಳ ನಡುವೆ ನುಗ್ಗಿದ. ಒಂದು ಹಸು ದಾರಕ್ಕೆ ಕಾಲು ಕೊಟ್ಟಿತು, ನಾರಿಸ್ ಓಡಿಬಂದು ಹಸುವನ್ನು ದಾರದ ಮೇಲಿಂದ ದಾಟಿಸಿದ. ಕ್ಲೆಮ್ ಅರ್ಧ ಬನಿಯನ್ನಿನಲ್ಲಿ ನಿಂತು "ಬಿಡು, ಓಡೋಕೆ ಬಿಡು, ಎಳೀಬೇಡ!" ಎಂದು ಅರಚಿದ. ಬಹಳ ಹೊತ್ತಿನ ಮೇಲೆ ಹೇಝಲ್ ಮೇಡಂ ಸೊಂಟದ ತನಕ ನೀರಿಗಿಳಿದು ಮೀನಿನ ಬಾಲ ಹಿಡಿದರು.

"ಬಾರೋ ಇಲ್ಲಿ. ಮುಟ್ಟಿ ನೋಡು."

ಬರ್ನಿ ಮುಟ್ಟಿದ. ಅದು ತಣ್ಣಗಿತ್ತು, ಗಟ್ಟಿಯಾಗಿತ್ತು, ಅವನ ತೋಳಿನಷ್ಟುದ್ದವಿತ್ತು. ಅವನು ಗಳಗಳನೆ ಅತ್ತುಬಿಟ್ಟ. ಈ ಸಲ ಬಾಯಲ್ಲಿ ಆಲೂಗಡ್ಡೆ ಇರಲಿಲ್ಲ. ನಮ್ಮೂರಿನವರು ಎಷ್ಟೇ ಕುಹಕಿಗಳಾದರೂ ಆ ಗಳಿಗೆಯಲ್ಲಿ ಮೂವರ ಕಣ್ಣೂ ಒದ್ದೆಯಾದವು.

"ಫೋಟೋ! ಒಂದು ಫೋಟೋ ತೆಗೀರಿ!" ಎಂದು ಬರ್ನಿ ಬೇಡಿಕೊಂಡ.

ನಾರಿಸ್ ಫೋನು ತೆಗೆದ. ಹೇಝಲ್ ಮೇಡಂ ಹೌಹಾರಿದರು. "ತಲೆ ಕೆಟ್ಟಿದ್ಯಾ? ಹಿಂದೆ ಗುಡ್ಡ ಕಾಣ್ಸುತ್ತೆ! ನೋಡಿದೋರಿಗೆ ಜಾಗ ಗೊತ್ತಾಗಲ್ವಾ?" ನಾರಿಸ್ ಗುಡ್ಡ ಕಾಣದಂತೆ ಬಗ್ಗಿದ, ಬೇಲಿ ಕಂಡಿತು. ಬೇಲಿ ಕಾಣದಂತೆ ಮಲಗಿದ, ಹಸು ಕಂಡಿತು. ಹಸುವನ್ನೂ ಹೊಳೆಯನ್ನೂ ದಡವನ್ನೂ ಬಿಟ್ಟು, ಯಾರಿಗೂ ಯಾವ ಸುಳಿವೂ ಸಿಗದಂತೆ, ಒಂದು ಫೋಟೋ ತೆಗೆದ. ಅಷ್ಟರಲ್ಲಿ ಮೀನು ಬಾಲ ಬೀಸಿ ಹೊರಟುಹೋಯಿತು.

"ಸರಿ, ಈಗ ಎಲ್ರೂ ನನ್ನ ಜೊತೆ ಬನ್ನಿ," ಎಂದ ಬರ್ನಿ. "ಟ್ರೂಡಿ ಚರ್ಚಲ್ಲಿ ಕಾಯ್ತಿರ್ತಾಳೆ. ನೋಡಿದ್ದನ್ನ ನೋಡಿದ ಹಾಗೆ ಹೇಳ್ಬೇಕು."

ಕ್ಲೆಮ್ ಅವನ ಹೆಗಲ ಮೇಲೆ ಕೈಯಿಟ್ಟ. "ಬರ್ನಿ, ನೀನು ಹೇಳೋದೇ ಬೇಡ. ಇವತ್ತಿಂದ ನೀನು ನಮ್ಮೋನು. ನಮ್ಮ ಕತ್ತು ಕುಯ್ದ್ರೂ ಬಾಯಿ ಬಿಡಲ್ಲ."

"ಅಯ್ಯೋ, ಬಿಡ್ಬೇಕು! ಬಾಯಿ ಬಿಡ್ಬೇಕು!"

"ಎಂಥಾ ನಟನೆ!" ಎಂದು ನಾರಿಸ್ ಮೆಚ್ಚಿ ನಕ್ಕ.

ಬರ್ನಿ ಗುಡ್ಡದ ಮೇಲಿನ ಬಿಸಿಲು ನೋಡಿದ. ಅಭ್ಯಾಸದ ಹೊತ್ತಾಗಿತ್ತು. ವಾದಿಸುತ್ತ ನಿಲ್ಲಲು ಸಮಯವಿರಲಿಲ್ಲ, ಗಾಡಿಯ ಕಡೆ ಓಡಿದ.

ಮೂವರೂ ದನದ ರೇವಿನಲ್ಲೇ ನಿಂತು ಯೋಚಿಸಿದರು. ಸಂಜೆಯ ಹೊತ್ತು ಮೀನು ಕಚ್ಚುವ ಹೊತ್ತು. ಇಂಥ ಹೊತ್ತಿನಲ್ಲಿ, ಆಗಷ್ಟೇ ಮೀನು ಸಿಕ್ಕ ಜಾಗ ಬಿಟ್ಟು ಒಬ್ಬ ಮನುಷ್ಯ ಹಾಗೆ ಓಡುತ್ತಾನೆಂದರೆ ಅರ್ಥವೇನು?

"ಇದಕ್ಕಿಂತ ಒಳ್ಳೇ ಜಾಗ ಇದೆ," ಎಂದರು ಹೇಝಲ್ ಮೇಡಂ. ಮೂರು ಪಿಕಪ್‌ಗಳೂ ಮತ್ತೆ ಹೊರಟವು.

ಚರ್ಚಿನ ಬಾಗಿಲಲ್ಲಿ ಟ್ರೂಡಿ ದೊಡ್ಡ ಗಂಟೆಯನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದಳು. ಕೆಸರು, ಸಗಣಿ ಮೆತ್ತಿಕೊಂಡು ಓಡಿಬಂದ ಗಂಡನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಹಿಡಿದೆ ಟ್ರೂಡಿ! ಹಿಡಿದೆ! ಮೂರು ಜನ ನೋಡಿದಾರೆ! ಅಗೋ ಬಂದ್ರು!"

ಟ್ರೂಡಿಯ ಮುಖ ಸ್ವಲ್ಪ ಸಪ್ಪಗಾಯಿತು, ಆದರೆ ಮಾತಿಗೆ ತಪ್ಪುವವಳಲ್ಲ. ಅವಳು ಸಸ್ಕ್ಯಾಚವನ್ ಕಡೆಯ ಗೋಧಿ ಬಯಲಿನವಳು. ಅಲ್ಲಿ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. "ಹೌದಾ ಹೇಝಲ್ ಮೇಡಂ?" ಎಂದು ಕೇಳಿದಳು. "ಇವನಿಗೆ ಮೀನು ಸಿಕ್ತಾ?"

ಹೇಝಲ್ ಮೇಡಂ ಬರ್ನಿಯತ್ತ ಒಂದು ಕಣ್ಣು ಸಣ್ಣಗೆ ಮಿಟುಕಿಸಿದರು. "ಮೀನಾ? ಏನೂ ಇಲ್ಲಮ್ಮ."

"ಮೇಡಂ!" ಎಂದು ಬರ್ನಿ ಚೀರಿದ. "ಬಾಲ ಹಿಡಿದಿದ್ದೇ ನೀವು!"

"ನನಗೆ ಬೆಳಗ್ಗಿಂದ ಹಲ್ಲುನೋವು," ಎಂದರು ಮೇಡಂ.

"ಹೊಳೆ ಸತ್ತೇ ಹೋಯ್ತು ಟ್ರೂಡಿ," ಎಂದು ಕ್ಲೆಮ್ ದುಃಖದಿಂದ ತಲೆಯಾಡಿಸಿದ. ಅವನ ಅಂಗಿಯೊಳಗೆ ಅರ್ಧ ಬನಿಯನ್ನು ಇರಲಿಲ್ಲ. "ನನ್ನ ಕಾಲದಲ್ಲಿ ಇಂಥ ಕೆಟ್ಟ ವರ್ಷ ನೋಡಿಲ್ಲ."

"ನಾರಿಸ್! ಫೋಟೋ! ಫೋಟೋ ತೋರ್ಸು!"

ನಾರಿಸ್ ನಿಷ್ಠೆಯಿಂದ ಫೋನು ಮುಂದೆ ಹಿಡಿದ. ಟ್ರೂಡಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಇದು ಬರ್ನಿಯ ಮೂಗಿನ ಹೊಳ್ಳೆ," ಎಂದಳು. "ಎಡಗಡೇದು. ಮದುವೆಯಾದಾಗಿನಿಂದ ಪಕ್ಕದ ದಿಂಬಿನ ಮೇಲೆ ನೋಡ್ತಿದೀನಿ, ನನಗೆ ಗೊತ್ತಾಗಲ್ವಾ?"

"ಸತ್ಯ ಹೇಳಿ! ನಿಮ್ಮ ಕಾಲಿಗೆ ಬೀಳ್ತೀನಿ, ಸತ್ಯ ಹೇಳಿ!" ಬರ್ನಿ ನಿಜವಾಗಿಯೂ ಮೆಟ್ಟಿಲ ಮೇಲೆ ಮಂಡಿಯೂರಿದ. ಅವನು ಬೇಡಿಕೊಂಡಷ್ಟೂ ಮೂವರಿಗೆ ಅವನ ಮೇಲಿನ ಗೌರವ ಹೆಚ್ಚಾಯಿತು. ಹೆಂಡತಿಯ ಮುಂದೆ ಕೂಡ ಎಷ್ಟು ಚೆನ್ನಾಗಿ ಗುಟ್ಟು ಕಾಯುತ್ತಾನೆ! ಇಂಥವನಿಗೆ ಮೋಸ ಮಾಡುವುದುಂಟೆ? ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇವತ್ತು ತಾವು ಬರ್ನಿಯನ್ನು ನೋಡಿಯೇ ಇಲ್ಲ ಎಂದುಬಿಟ್ಟರು.

"ಸಾಕು ಏಳು," ಎಂದಳು ಟ್ರೂಡಿ. ದನಿ ಮೆತ್ತಗಾಗಿತ್ತು. "ಪಾಪ, ಆಸೆ ಮನುಷ್ಯನ ಕೈಲಿ ಏನು ಬೇಕಾದ್ರೂ ಹೇಳಿಸುತ್ತೆ. ಕೈಗವಸು ಹಾಕ್ಕೋ. ಇದೇನಿದು, ಕಿರುಬೆರಳು ಎಲ್ಲಿ?"

"ಮೀನಿನ ಬಾಯಲ್ಲಿ."

"ಆಯ್ತು, ಆಯ್ತು," ಎಂದು ಅವಳು ಅವನ ಬೆನ್ನು ತಟ್ಟಿ ಒಳಗೆ ಕರೆದುಕೊಂಡು ಹೋದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಬರ್ನಿ ಆ ಸಂಜೆ ಪೂರ್ತಿಯಾಗಿ ಅರ್ಥಮಾಡಿಕೊಂಡ.

ಹೊರಗೆ ಮೂವರು ಇನ್ನೂ ನಿಂತಿದ್ದರು. "ಗಂಟೆ ಮೇಳವಂತೆ!" ಎಂದ ನಾರಿಸ್. "ನಂಬೋಕೆ ನಾವೇನು ಸಸ್ಕ್ಯಾಚವನ್‌ನೋರಾ? ಮೀನು ಕಚ್ಚೋ ಹೊತ್ತಲ್ಲಿ ಯಾವನಾದ್ರೂ ಗಂಟೆ ಬಾರಿಸೋಕೆ ಓಡಿ ಬರ್ತಾನಾ?"

ಹೇಝಲ್ ಮೇಡಂ ಚರ್ಚಿನ ಗೋಡೆಯನ್ನು ಬಳಸಿ ಹಿಂದಕ್ಕೆ ಹೋದರು. ಚರ್ಚಿನ ಹಿಂಬದಿಗೆ ಹೊಳೆ ಹರಿಯುತ್ತದೆ. ಗಂಟೆಯ ಸದ್ದಿಗೆ ಮೀನು ಹೆದರಿ ಓಡುತ್ತದೆಂದು ನಮ್ಮ ಅಜ್ಜಂದಿರು ಹೇಳಿದ್ದರಿಂದ ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಮೇಡಂ ಆ ನೀರನ್ನು ನೋಡಿದರು, ಚರ್ಚನ್ನು ನೋಡಿದರು, ಮತ್ತೆ ನೀರನ್ನು ನೋಡಿದರು. ಆಮೇಲೆ ಗಾಡಿಯಿಂದ ಕೋಲು ತಂದರು.

ಒಳಗೆ ಟ್ರೂಡಿ ಕೈ ಎತ್ತಿದಳು. ಸಣ್ಣ ಗಂಟೆಗಳು ಕಿಣಿಕಿಣಿ ಎಂದವು. ಬರ್ನಿಯ ಸರದಿ ಬಂತು. ತನ್ನ ಸಿಟ್ಟು, ದುಃಖ ಎಲ್ಲ ಸೇರಿಸಿ ದೊಡ್ಡ ಗಂಟೆಯನ್ನು ಬೀಸಿದ. ಢಣ್! ಚರ್ಚಿನ ನೆಲಹಲಗೆ ನಡುಗಿತು.

ಟ್ರೂಡಿಯ ಬೆನ್ನ ಹಿಂದಿನ ಕಿಟಕಿಯಲ್ಲಿ ಹೇಝಲ್ ಮೇಡಂ ಅವರ ಕೋಲು ಬಿಲ್ಲಿನಂತೆ ಬಾಗಿತು.

ಬರ್ನಿ ಬಾಯಿ ತೆರೆದು ನಿಂತ. ಹಾಡು ನಿಂತಿತು. ಕಿಟಕಿಯಾಚೆ ಎಲ್ಲ ತಣ್ಣಗಾಯಿತು. "ಮೊದಲಿಂದ," ಎಂದಳು ಟ್ರೂಡಿ. ಢಣ್! ನಾರಿಸ್‌ನ ದಾರ ಹೊಳೆಯ ಆಚೆಗೆ ಓಡಿತು. ಢಣ್! ಕ್ಲೆಮ್ ಮಂಡಿ ನೋವು ಮರೆತು ದಡದಲ್ಲಿ ಕುಣಿದ. ಅಜ್ಜಂದಿರು ಹೇಳಿದ್ದು ಸರಿಯೇ. ಮೀನು ಗಂಟೆಗೆ ಹೆದರುತ್ತಿತ್ತು; ಹೆದರಿ ತಳದಿಂದ ಎದ್ದು ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತಿತ್ತು. ಒಳಗಿದ್ದವರಲ್ಲಿ ಅದು ಬರ್ನಿಯೊಬ್ಬನ ಕಣ್ಣಿಗೆ ಬೀಳುತ್ತಿತ್ತು, ಅವನ ಎರಡು ಕೈಯಲ್ಲೂ ಹಿತ್ತಾಳೆ ಇತ್ತು.

"ಟ್ರೂಡಿ, ಹಿಂದೆ ತಿರುಗಿ ನೋಡು! ಒಂದೇ ಒಂದ್ಸಲ!"

"ಕಣ್ಣು ನನ್ನ ಕೈ ಮೇಲಿರ್ಲಿ ಬರ್ನಿ. ನಿನ್ನ ತಾಳ ತಪ್ತಿದೆ."

ಅಭ್ಯಾಸ ಮುಗಿದಾಗ ಮೂವರೂ ಟೋಪಿ ತೆಗೆದು, ಕಾಲಿಂದ ನೀರು ಸುರಿಸುತ್ತ ಚರ್ಚಿನೊಳಗೆ ಬಂದರು. ಅವರ ಮುಖದಲ್ಲಿ ಹೊಳೆದ ಭಕ್ತಿಯನ್ನು ಪಾದ್ರಿಗಳು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ.

"ಟ್ರೂಡಿ, ಎಂಥಾ ಸಂಗೀತ!" ಎಂದ ಕ್ಲೆಮ್. "ಒಳಗೆ ಬಂದ್ರೆ ನೆಲ ಕೆಸರಾಗುತ್ತೆ ಅಂತ ಹೊರಗೇ ನಿಂತು ಕೇಳಿದ್ವಿ. ಅದರಲ್ಲೂ ಆ ದೊಡ್ಡ ಗಂಟೆ! ಎದೆ ತುಂಬಿ ಬಂತು. ವಾರಕ್ಕೆ ಎರಡೇ ದಿನ ಅಭ್ಯಾಸ ಮಾಡಿದ್ರೆ ಸಾಲದು. ದಿನಾ ಮಾಡ್ಬೇಕು."

"ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಒಂದ್ಸಲ, ಸಂಜೆ ಒಂದ್ಸಲ," ಎಂದು ನಾರಿಸ್ ಸೇರಿಸಿದ. "ಬರ್ನಿಗೆ ಅಂಗಡಿ ಕೆಲಸದ ಯೋಚನೆ ಬೇಡ. ಮೂಟೆ ನಾನು ತೂಗ್ತೀನಿ. ಸರದಿ ಮೇಲೆ ನಾವೇ ನೋಡ್ಕೋತೀವಿ."

ಇಷ್ಟು ವರ್ಷ ಟ್ರೂಡಿಯ ಮೇಳದ ಸದ್ದು ಕೇಳಿದರೆ ರಸ್ತೆ ದಾಟುತ್ತಿದ್ದ ಜನ ಇವರು. ಅವಳು ಕಣ್ಣೊರೆಸಿಕೊಂಡು ಎಲ್ಲದಕ್ಕೂ ಒಪ್ಪಿಕೊಂಡಳು. ಗಂಡನನ್ನು ತಬ್ಬಿಕೊಂಡು, "ನೋಡಿದ್ಯಾ ಬರ್ನಿ, ನಿನಗೆ ಯಾವುದರಲ್ಲಿ ಕೈ ಇದೆ ಅಂತ ಈಗ್ಲಾದ್ರೂ ಗೊತ್ತಾಯ್ತಲ್ಲ," ಎಂದಳು.

ಬರ್ನಿ ಗಂಟೆಯನ್ನು ಮೇಜಿನ ಮೇಲಿಟ್ಟ. ನಿಜ ಹೇಳಿದರೆ ನಂಬುವವರು ಅಲ್ಲಿ ಯಾರೂ ಇರಲಿಲ್ಲ. ಹೇಝಲ್ ಮೇಡಂ ಹೋಗುವ ಮುಂಚೆ ಅವನ ಪಕ್ಕಕ್ಕೆ ಬಂದು, ನಾಲ್ಕನೇ ಕ್ಲಾಸಿನಲ್ಲಿ ಮಾಡುತ್ತಿದ್ದಂತೆ ಅವನ ಕಾಲರು ಸರಿಮಾಡಿ, ಕಿವಿಯ ಹತ್ತಿರ ಬಗ್ಗಿದರು.

"ನಾಳೆ ಇನ್ನೊಂಚೂರು ಜೋರಾಗಿ ಬಾರಿಸೋ. ಆಚೆ ದಡದ ಮೀನಿಗೆ ಸರಿಯಾಗಿ ಕೇಳ್ತಿಲ್ಲ."